ಅಟ್ಟದ ಬಾಯಿ

ಒಂದೂವರೆ ಅಡಿ ಉದ್ದ, ಒಂದೂಕಾಲು ಅಗಲ.
ಮುಚ್ಚಿಗೆ ಹೊದೆಸಿದ ದಿನ ಯಾರ ಸೊಂಟ ಅಳೆದು ಇಟ್ಟರೋ,
ಆ ಬಾಯಿ
ಮಕ್ಕಳನ್ನಷ್ಟೇ ನುಂಗುತ್ತಿತ್ತು,
ಅದೂ ಸಪುರದವರನ್ನು.

ನನಗೆ ತಿಳಿದ ಹಾಗೆ ಮೊದಲು ಹೋದವಳು ಚಿಕ್ಕಮ್ಮ ಚಂದ್ರಾವತಿ.
ಅವಳ ಭುಜ ತಡೆದ ವರ್ಷ ಮಾವನ ಮಗ ಐತಪ್ಪ,
ಅವನಿಗೆ ಹೊಟ್ಟೆ ಬಂದ ಮೇಲೆ ನಾನು.
ನನ್ನ ನಂತರ ಮನೆಯಲ್ಲಿ ಸಪುರದವರು ಮುಗಿದು
ಆಚೆಮನೆ ಬೀಫಾತಿಮ್ಮನ ಮೊಮ್ಮಗ ಉಬೈದನನ್ನು
ಒಂದು ಹತ್ತುವುದಕ್ಕೆ ಎರಡು ಚಕ್ಕುಲಿಯ ಲೆಕ್ಕದಲ್ಲಿ
ಸಾಲ ತರುತ್ತಿದ್ದೆವು.

ಅಮ್ಮ ಒಮ್ಮೆಯೂ ಹತ್ತಿದವಳಲ್ಲ.
ಮದುವೆಯಾಗಿ ಬರುವಾಗಲೇ ಆ ಬಾಯಿಗಿಂತ ದೊಡ್ಡವಳು.
ಆದರೂ ಅಟ್ಟದ ಯಜಮಾನಿಕೆ ಅವಳದೇ.
ಏಣಿಯ ಆಚೆ ಬದಿಯಲ್ಲಿ ನಿಂತು,
ಬುಡವನ್ನು ಕಾಲಿನಿಂದ ಒತ್ತಿ ಹಿಡಿದು,
ಮೇಲೆ ನೋಡದೆಯೇ ಹೇಳುವಳು:
"ಎಡಕ್ಕೆ. ಇನ್ನೂ ಎಡಕ್ಕೆ. ಹಂಡೆಯ ಹಿಂದೆ ಕಡಾಯಿ,
ಕಡಾಯಿಯ ಒಳಗೆ ಬಟ್ಟೆ ಸುತ್ತಿದ ದೋಸೆಕಲ್ಲು."
ಇತ್ತು. ಯಾವಾಗಲೂ ಇತ್ತು.

ನನಗೆ ಅಲ್ಲಿ ಬೇಕಿದ್ದದ್ದು ಪಾತ್ರೆಯಲ್ಲ.
ಮಕಾಡೆ ಮಲಗಿ ಬಾಯಿಂದ ಕೆಳಗೆ ನೋಡಿದರೆ
ಮನೆಯವರ ನೆತ್ತಿಗಳು ಹೋಗಿ ಬರುತ್ತಿದ್ದವು.
ಅಪ್ಪನ ತಲೆಯಲ್ಲಿ ಪಾವಲಿಯಷ್ಟು ಬಯಲು,
ಅವನಿಗೇ ಗೊತ್ತಿಲ್ಲದ್ದು.
ಅಜ್ಜಿಯ ತುರುಬಿನ ಒಳಗೆ ಸುತ್ತಿಟ್ಟ ಚೌರಿ.
ಅಮ್ಮನ ಬೈತಲೆ,
ಮುಂದೆ ನೂಲೆಳೆಯಷ್ಟು, ಹಿಂದೆ ಹೋದಂತೆ ಕಾಲುದಾರಿ.
ಎದುರು ನಿಂತು ಹೆದರಿಸುವವರೆಲ್ಲ
ಮೇಲಿಂದ ನೋಡಿದರೆ ಎಂತದ್ದೂ ಅಲ್ಲ.
ಹನ್ನೆರಡು ದಾಟಿದ ಮೇಲೆ ನಾನು
ಯಾರ ನೆತ್ತಿಯನ್ನೂ ಕಂಡಿಲ್ಲ.

ಮೊನ್ನೆ ಕಣ್ಣೂರಿಂದ ಪೆಟ್ಟಿಗೆ ಬಂತು:
ಮೂರು ಮಡಿಕೆಯ ಏಣಿ, ಸ್ಪ್ರಿಂಗು, ಬೋಲ್ಟುಗಳ ಪೊಟ್ಟಣ,
ಅಳತೆಯ ಕಾಗದ ಮಲೆಯಾಳದಲ್ಲಿ.
ಕುಂಞಂಬು ಆಚಾರಿ ಓದಿದರು, ಟೇಪು ಎಳೆದರು,
ಕಿವಿಯ ಪೆನ್ಸಿಲು ತೆಗೆದು ಮುಚ್ಚಿಗೆಗೆ ಗೆರೆ ಹಾಕಿದರು.
"ನಾಲ್ಕೂವರೆ ಅಡಿ ಬೇಕು. ಒಂದು ಜಂತಿ ಕಡಿಯಬೇಕಾಗ್ತದೆ."
ಅಮ್ಮ ಅಡಿಗೆಮನೆಯಿಂದ ಬಂದಳು, ಕೈಯಲ್ಲಿ ಸೌಟು:
"ಜಂತಿ ಕಡಿದರೆ ಮನೆ ಎಂತ ಆಗ್ತದೆ?"
ಎಂತವೂ ಆಗುವುದಿಲ್ಲ ಎಂದು ಅವರು ಹೇಳಲಿಲ್ಲ.
ಎರಡೂ ಕಡೆ ಕಂಬ ಕೊಟ್ಟರು, ಬೆಣೆ ಬಡಿದರು,
ಭಾರ ಕಂಬಕ್ಕೆ ಇಳಿಯಿತೇ ಎಂದು
ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದರು.
ಆಮೇಲೆ ಗರಗಸ.

ಎಂಬತ್ತು ವರ್ಷದ ಬೋಗಿ ಮರ.
ಹೊರಗೆಲ್ಲ ಹೊಗೆಯ ಕಪ್ಪು,
ಒಳಗೆ ನಿನ್ನೆ ಕೊಯ್ದ ಹಾಗೆ ಕೆಂಪು.
ಇನ್ನೇನು ತುಂಡಾಗಬೇಕು, ಅಷ್ಟರಲ್ಲಿ ಮಂಗಳೂರಿನ ಲೋಕಲು
ಕುಂಬಳೆಯ ಸಂಕ ದಾಟಿತು.
ಹಂಚುಗಳು ಎಂದಿನಂತೆ ಗಡಗಡ,
ಎಂದೂ ಕೇಳಿಸಿಕೊಳ್ಳದ ನಾವು ಮೂವರೂ ಉಸಿರು ಹಿಡಿದೆವು.
ಜಂತಿ ಒಂದು ನೂಲು ಇಳಿದು, ನಿಂತಿತು.

ಮತ್ತೆ ಅಡ್ಡಕ್ಕೆ ಎರಡು ಹೊಸ ಮರ,
ಕಡಿದ ತುದಿಗಳನ್ನು ಅವುಗಳ ಹೆಗಲಿಗೆ ಕೊಟ್ಟು
"ಕೊರಚ್ಚು ಕೂಡಿ, ಕೊರಚ್ಚು ಕೂಡಿ" ಎನ್ನುತ್ತ
ಸಂಜೆಯ ಚಾ ಆರುವ ಹೊತ್ತಿಗೆ
ಚೌಕಟ್ಟು ಕೂತಿತು.

ಹಗ್ಗ ಎಳೆದರೆ ಏಣಿ ತಾನಾಗಿ ಇಳಿಯಿತು.
ಮೊದಲು ಯಾರು ಎಂಬ ಮಾತು ಬರುವ ಮೊದಲೇ
ಅಮ್ಮ ಸೆರಗು ಸಿಕ್ಕಿಸಿ ಮೂರನೇ ಮೆಟ್ಟಿಲಲ್ಲಿ.
ವಯಸ್ಸು ಎಪ್ಪತ್ತೊಂದು, ಮೊಣಕಾಲಿಗೆ ತೈಲದ ವಾಸನೆ.
ನನ್ನ ಕಣ್ಣೆದುರೇ ತುರುಬು, ಬೆನ್ನು, ಒಡೆದ ಹಿಮ್ಮಡಿ
ಒಂದರ ಹಿಂದೆ ಒಂದು
ಒಳಗೆ ಹೋದವು.

ಬಹಳ ಹೊತ್ತು ಸದ್ದಿಲ್ಲ.
ಆಮೇಲೆ ಹಂಡೆ ಎಳೆಯುವ ಸದ್ದು.
"ಇದು ಎಡ ಅಲ್ಲ. ಬಲ!"
ಹೌದು, ಅವಳು ನಿಲ್ಲುತ್ತಿದ್ದದ್ದು ನಮಗೆ ಮುಖ ಮಾಡಿ.
ಅವಳ ಎಡ ನಮ್ಮ ಬಲ.
ಚಂದ್ರಾವತಿ, ಐತಪ್ಪ, ನಾನು,
ಎರಡು ಚಕ್ಕುಲಿಯ ಉಬೈದ ಕೂಡ
ಮೊದಲ ದಿನವೇ ಕಲಿತಿದ್ದೆವು.
ಐವತ್ತು ವರ್ಷ ಯಾರೂ ಅವಳಿಗೆ ಹೇಳಿರಲಿಲ್ಲ.

ಅಟ್ಟದ ಬಾಯಲ್ಲಿ ಮುಖ ಬಂತು,
ಕನ್ನಡಕ ಮೂಗಿನ ತುದಿಗೆ ಜಾರಿ.
ಬಯ್ಯುತ್ತಾಳೆ ಎಂದುಕೊಂಡೆ.
ನೋಡಿದಳು, ಮತ್ತೂ ಬಗ್ಗಿ ನೋಡಿದಳು.
"ನಿನ್ನ ನೆತ್ತಿ ಪೂರಾ ಹಣ್ಣಾಗಿದೆಯಲ್ಲೇ ಮಾರಾಯ್ತಿ,
ಯಾವಾಗಿಂದ?"

ಕೈ ತಲೆಗೆ ಹೋಯಿತು.
ಮರದ ಹುಡಿ ಅಮ್ಮ, ಎಂದೆ.
ಹುಡಿ ಕೆಂಪಿತ್ತು.